ಕಡತವೂ ಜಗಳವೂ: ಕೆನಡಾದ ಐರಿಷ್ ವಲಸಿಗರ ನೆನಪು



ಕೆನಡಾ ದೇಶದ ಕ್ವಿಬೆಕ್ ನಗರದಿಂದ ಸೇಂಟ್ ಲಾರೆನ್ಸ್ ನದಿ ಹರಿಯುವ ದಿಕ್ಕಿನಲ್ಲೇ ಸುಮಾರು 46 ಕಿಲೋಮೀಟರ್ ಹೋದರೆ ಗ್ರೋಸ್ ಈಲ್ ಎಂಬ ಪುಟ್ಟ ದ್ವೀಪ ಸಿಗುತ್ತದೆ. ಅದರ ಪಡುವಣ ಭಾಗದಲ್ಲಿ ಒಂದು ಹುಲ್ಲುಬಯಲಿದೆ. ಬಯಲು ಎಂದರೂ ನೆಲ ಸಮತಟ್ಟಾಗಿಲ್ಲ, ಅಲೆಯಲೆಯಾಗಿ ಏರಿ ಇಳಿಯುತ್ತದೆ. ಉದ್ದುದ್ದ ಹಳ್ಳ ತೋಡಿ, ಶವಪೆಟ್ಟಿಗೆಗಳನ್ನು ಒಂದರ ಮೇಲೊಂದು ಒಟ್ಟಿ ಮಣ್ಣು ಮುಚ್ಚಿದ ಜಾಗ ಅದು. 1847ರ ಒಂದೇ ಹಂಗಾಮಿನಲ್ಲಿ ಅಲ್ಲಿ ಮಣ್ಣಾದವರು 5,424 ಮಂದಿ ಎಂದು, ಆಗ ದ್ವೀಪದ ವೈದ್ಯಾಧಿಕಾರಿಯಾಗಿದ್ದ ಜಾರ್ಜ್ ಡಗ್ಲಸ್ ನಿಲ್ಲಿಸಿದ ಸ್ಮಾರಕ ಹೇಳುತ್ತದೆ. ಬಹುಪಾಲು ಐರ್ಲೆಂಡಿನವರು, ಹಸಿವಿನಿಂದ ಓಡಿ ಬಂದವರು.

ಅವರ ನೆನಪು ಇವತ್ತಿನವರೆಗೆ ಹೇಗೆ ಉಳಿಯಿತು ಎಂಬುದೇ ಈ ಹೊತ್ತಿನ ಮಾತು. ಹಾಡು, ಕಣ್ಣೀರು, ಹಬ್ಬಗಳಿಂದ ಉಳಿಯಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಅದನ್ನು ಉಳಿಸಿದವು ಎರಡು: ಗುಮಾಸ್ತರು ಬರೆದಿಟ್ಟ ಕಡತ, ಮತ್ತೆ ಮತ್ತೆ ಎದ್ದ ಜಗಳ.

ಮೊದಲು ನಡೆದದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ಕೊಳೆರೋಗ ಬಿತ್ತು. ಬಡವರಿಗೆ ಬೇರೆ ಊಟವೇ ಇರಲಿಲ್ಲ. ಐದಾರು ವರ್ಷದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಆಲೂಗಡ್ಡೆ ಕೊಳೆತದ್ದು ನಿಸರ್ಗದ ಕೈವಾಡ. ಅದೇ ಹೊತ್ತಿನಲ್ಲಿ ಬಂದರುಗಳಿಂದ ಧಾನ್ಯ ಹೊರದೇಶಕ್ಕೆ ಹೋಗುತ್ತಿದ್ದದ್ದು, ಗೇಣಿ ಕಟ್ಟಲಾಗದ ಒಕ್ಕಲನ್ನು ಗುಡಿಸಲು ಕೆಡವಿ ಎಬ್ಬಿಸುತ್ತಿದ್ದದ್ದು ಮನುಷ್ಯರ ಕೈವಾಡ. ಲಂಡನ್ನಿನ ಖಜಾನೆಯಲ್ಲಿ ಕೂತು ಪರಿಹಾರದ ಉಸ್ತುವಾರಿ ನೋಡಿಕೊಂಡವರು ಚಾರ್ಲ್ಸ್ ಟ್ರೆವೆಲ್ಯನ್. ಬರವನ್ನು ದೈವಸಂಕಲ್ಪವೆಂದು ನಂಬಿ ಕೈ ಬಿಗಿಹಿಡಿದ ಮನುಷ್ಯ. ಈತ ನಮಗೆ ಅಷ್ಟೇನೂ ದೂರದವನಲ್ಲ. 1859-60ರಲ್ಲಿ ಮದರಾಸಿನ ಗವರ್ನರ್ ಆಗಿದ್ದ. ಅಂದರೆ ಬಳ್ಳಾರಿಯನ್ನೂ ಕನ್ನಡ ಜಿಲ್ಲೆಯನ್ನೂ ಆಳಿದವನು.

ಕೆನಡಾಕ್ಕೇ ಯಾಕೆ ಹೋದರು? ಕ್ವಿಬೆಕ್‌ನಿಂದ ಮರದ ದಿಮ್ಮಿ ಹೇರಿಕೊಂಡು ಬರುತ್ತಿದ್ದ ಹಡಗುಗಳು ಹಿಂದಿರುಗುವಾಗ ಖಾಲಿ. ಆ ಖಾಲಿ ಹೊಟ್ಟೆಗೆ ಮನುಷ್ಯರನ್ನು ತುಂಬಿಸಿಕೊಂಡರೆ ನಾಲ್ಕು ಕಾಸು ಲಾಭ. ಅಮೆರಿಕ ಸಂಯುಕ್ತ ಸಂಸ್ಥಾನ ಪ್ರಯಾಣದ ಕಾನೂನು ಬಿಗಿ ಮಾಡಿದ್ದರಿಂದ ಅಲ್ಲಿಗೆ ದುಬಾರಿ, ಕೆನಡಾಕ್ಕೆ ಅಗ್ಗ. 1847ರಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ ಜನ ಈ ದಾರಿ ಹಿಡಿದರು. ಹಡಗಿನೊಳಗೆ ಟೈಫಸ್ ಜ್ವರವೂ ಹತ್ತಿಕೊಂಡಿತು. ಆ ಜ್ವರ ಹೇನಿನಿಂದ ಹರಡುತ್ತದೆಂದು ಆಗ ಯಾವ ವೈದ್ಯನಿಗೂ ಗೊತ್ತಿರಲಿಲ್ಲ.

ಗ್ರೋಸ್ ಈಲ್ 1832ರಲ್ಲೇ, ಕಾಲರಾ ಭಯದಿಂದ, ತಡೆವಾಸದ ನಿಲ್ದಾಣವಾಗಿತ್ತು. ಸಮುದ್ರ ದಾಟಿ ಬಂದವರು ಅಲ್ಲಿ ಇಳಿದು, ರೋಗವಿಲ್ಲವೆಂದು ಖಾತ್ರಿಯಾದ ಮೇಲೆಯೇ ಒಳನಾಡಿಗೆ ಹೋಗಬೇಕು. 1847ರ ವಸಂತಕ್ಕೆ ಮುಂಚೆ ಡಾಕ್ಟರ್ ಡಗ್ಲಸ್ ಹೆಚ್ಚಿನ ಹಣ ಕೇಳಿದ. ಕೊಟ್ಟದ್ದು ಕೇಳಿದ್ದರ ಹತ್ತನೇ ಒಂದು ಪಾಲು. ಮೇ ತಿಂಗಳ ನಡುವೆ ಲಿವರ್‌ಪೂಲ್‌ನಿಂದ ಹೊರಟ 'ಸಿರಿಯಾ' ಎಂಬ ಹಡಗು ಬಂತು. ಆ ವರ್ಷ ದ್ವೀಪದಲ್ಲಿ ಸತ್ತವರ ಪಟ್ಟಿಯಲ್ಲಿ ಮೊದಲ ಹೆಸರು ಎಲೆನ್ ಕೇನ್, ನಾಲ್ಕು ವರ್ಷದ ಮಗು. ತಿಂಗಳು ಮುಗಿಯುವ ಹೊತ್ತಿಗೆ ನಲವತ್ತು ಹಡಗುಗಳು ನದಿಯಲ್ಲಿ ಸಾಲುಗಟ್ಟಿ ನಿಂತಿದ್ದವು. ಒಳಗಿದ್ದವರು ಹನ್ನೆರಡು ಸಾವಿರಕ್ಕೂ ಮಿಗಿಲು. ಆಸ್ಪತ್ರೆ ತುಂಬಿತು, ಛತ್ರಗಳು ತುಂಬಿದವು, ಚರ್ಚುಗಳಲ್ಲೂ ಮಲಗಿಸಿದರು. ಆರೈಕೆಗೆ ಹೋದ ವೈದ್ಯರು, ಪಾದ್ರಿಗಳು, ದಾದಿಯರೂ ಸತ್ತರು. ಮಾಂಟ್ರಿಯಲ್ ನಗರದ ಮೇಯರ್ ಜಾನ್ ಈಸ್ಟನ್ ಮಿಲ್ಸ್ ಜ್ವರದ ಕೊಟ್ಟಿಗೆಗಳಿಗೆ ಹೋಗಿ ಬರುತ್ತಿದ್ದ, ಅದೇ ಜ್ವರ ಹಿಡಿದು ನವೆಂಬರಿನಲ್ಲಿ ತೀರಿಕೊಂಡ. ಟೊರಾಂಟೊದ ಬಿಷಪ್ ಮೈಕೆಲ್ ಪವರ್ ಅದಕ್ಕೂ ಒಂದು ತಿಂಗಳು ಮುಂಚೆ ಹೋಗಿದ್ದರು.

ಈ ಗದ್ದಲದ ನಡುವೆಯೂ ಯಾರೋ ಕೂತು ಬರೆಯುತ್ತಿದ್ದರು ನೋಡಿ, ನನ್ನನ್ನು ಹಿಡಿದು ನಿಲ್ಲಿಸುವುದು ಅದು. ಹಡಗಿನ ಹೆಸರು, ಹತ್ತಿದವರೆಷ್ಟು, ದಾರಿಯಲ್ಲಿ ಸಮುದ್ರಕ್ಕೆ ಹಾಕಿದ ಹೆಣಗಳೆಷ್ಟು. ಆಸ್ಪತ್ರೆಯಲ್ಲಿ ಸತ್ತವರ ಹೆಸರು, ವಯಸ್ಸು. ಅವರು ಬಿಟ್ಟುಹೋದ ಪೆಟ್ಟಿಗೆ, ಬಟ್ಟೆ, ಚಿಲ್ಲರೆ ಹಣ. ಅನಾಥ ಮಕ್ಕಳ ಹೆಸರು, ತಂದೆ ತಾಯಿಯ ಹೆಸರು, ಯಾವ ಜಿಲ್ಲೆ, ಯಾವ ಹಡಗು, ಯಾವ ಊರಿನ ಯಾರ ಮನೆಗೆ ಕೊಟ್ಟದ್ದು. ಮಾಂಟ್ರಿಯಲ್‌ನ 'ಗ್ರೇ ನನ್ಸ್' ಸನ್ಯಾಸಿನಿಯರು ಫ್ರೆಂಚ್ ಭಾಷೆಯಲ್ಲಿ ತಮ್ಮ ಮಠದ ವೃತ್ತಾಂತ ಬರೆದಿಟ್ಟರು. ಇವರಲ್ಲಿ ಯಾರಿಗೂ ಪರಂಪರೆ ಕಾಪಾಡುವ ಉದ್ದೇಶ ಇರಲಿಲ್ಲ. ಸರ್ಕಾರಕ್ಕೆ ಲೆಕ್ಕ ಒಪ್ಪಿಸಬೇಕಿತ್ತು, ಬಿಷಪ್ಪರಿಗೆ ವರದಿ ಕಳಿಸಬೇಕಿತ್ತು, ಅಷ್ಟೆ. ನೂರಾ ಐವತ್ತು ವರ್ಷದ ಮೇಲೆ ವಂಶದ ಮೂಲ ಹುಡುಕಿಕೊಂಡು ಬರುವವರಿಗೆ ದಾರಿ ತೋರಿಸುತ್ತಿರುವುದು ಆ ನೀರಸ ಲೆಕ್ಕಗಳೇ.

ಇನ್ನು ಕಲ್ಲುಗಳ ಕಥೆ. ಮಾಂಟ್ರಿಯಲ್‌ನಲ್ಲಿ ನದಿದಂಡೆಯ ಕೊಟ್ಟಿಗೆಗಳಲ್ಲಿ ಸತ್ತವರನ್ನು ಅಲ್ಲೇ ಹೂತಿದ್ದರು. ಹನ್ನೆರಡು ವರ್ಷದ ಬಳಿಕ ಅದೇ ಜಾಗದ ಮೇಲೆ ವಿಕ್ಟೋರಿಯಾ ಸೇತುವೆಯ ಕೆಲಸ ನಡೆಯುತ್ತಿತ್ತು. ನೆಲ ಅಗೆದ ಕೂಲಿಗಳಿಗೆ ಮೂಳೆ ಸಿಕ್ಕವು. ಕೂಲಿಗಳಲ್ಲಿ ಐರಿಷರು ಬಹಳ. ಈ ಗೋರಿಗಳನ್ನು ಮುಂದೆ ಯಾರೂ ಕೆದಕಬಾರದೆಂದು ಅವರು ನದಿಯ ತಳದಿಂದ ಮೂವತ್ತು ಟನ್ ತೂಕದ ಬಂಡೆಯೊಂದನ್ನು ಎತ್ತಿ ತಂದು ನಿಲ್ಲಿಸಿದರು. 1859ರ ಡಿಸೆಂಬರ್ ಅದು. ಇಲ್ಲಿ ಹಡಗುಜ್ವರದಿಂದ ಸತ್ತ 6,000 ವಲಸಿಗರಿದ್ದಾರೆ, ಅವರ ಅವಶೇಷಕ್ಕೆ ಅಪಚಾರವಾಗದಿರಲೆಂದು ಸೇತುವೆಯ ಕೆಲಸಗಾರರು ಇದನ್ನು ನಿಲ್ಲಿಸಿದ್ದಾರೆ ಎಂದು ಬರೆಸಿದರು. 'ಐರಿಷ್' ಎಂಬ ಪದ ಅದರಲ್ಲಿ ಇಲ್ಲವೇ ಇಲ್ಲ. ಊರಿನವರು ಅದನ್ನು 'ಬ್ಲ್ಯಾಕ್ ರಾಕ್' ಎನ್ನುತ್ತಾರೆ, ಕರಿಬಂಡೆ. ಶ್ರೀಮಂತರ ಚಂದಾ ಇಲ್ಲ, ಶಿಲ್ಪಿಯ ಕೈ ಇಲ್ಲ. ದಿನಗೂಲಿಯವರು ತಮಗಿಂತ ಹಿಂದೆ ಬಂದು ಸತ್ತವರಿಗಾಗಿ ನಿಲ್ಲಿಸಿದ ಕಲ್ಲು. ಈ ವಿಷಯದಲ್ಲಿ ನಾನು ಓದಿದ ಎಲ್ಲ ಸ್ಮಾರಕಗಳಲ್ಲಿ ನನಗೆ ಬಹಳ ಗೌರವ ಇದರ ಮೇಲೆ.

ಸುಮಾರು 1900ರಲ್ಲಿ ಹಳಿಗೆ ಅಡ್ಡ ಎಂದು ರೈಲು ಕಂಪನಿ ಕಲ್ಲನ್ನು ಅಲ್ಲಿಂದ ಎತ್ತಿಬಿಟ್ಟಿತು. ಐರಿಷ್ ಸಂಘಟನೆಗಳು ವರ್ಷಗಟ್ಟಲೆ ತಕರಾರು ಮಾಡಿ ಮತ್ತೆ ಹಳೆಯ ಜಾಗದ ಬಳಿಗೇ ತರಿಸಿದವು. 1942ರಲ್ಲಿ ಹತ್ತಿರದಲ್ಲೇ ಸುರಂಗ ತೋಡುವಾಗ ಶವಪೆಟ್ಟಿಗೆಗಳು ಸಿಕ್ಕವು, ಕಲ್ಲಿನ ಬದಿಯಲ್ಲೇ ಹೂತರು. 2019ರಲ್ಲಿ ಹೊಸ ನಗರ ರೈಲಿನ ಕಂಬಕ್ಕೆ ಅಗೆಯುವ ಮುನ್ನ ಪುರಾತತ್ತ್ವದವರು ಶೋಧಿಸಿದಾಗ ಮತ್ತೆ ಹತ್ತಕ್ಕೂ ಹೆಚ್ಚು ಜನರ ಅವಶೇಷ ಹೊರಬಂದವು. ಪ್ರತಿ ಸಲವೂ ಇದೇ ಕ್ರಮ: ಯಾರೋ ಅಗೆಯುತ್ತಾರೆ, ಐರಿಷರು ಆಕ್ಷೇಪಿಸುತ್ತಾರೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, ಆ ತಲೆಮಾರಿನ ಮಾಂಟ್ರಿಯಲ್‌ಗೆ 1847 ಏನೆಂದು ತಿಳಿಯುತ್ತದೆ. ಮನೆ ಪಾಲಾಗುವಾಗ ಅಣ್ಣತಮ್ಮಂದಿರ ಜಗಳದಲ್ಲಿ ಅಟ್ಟದ ಮೇಲಿನ ಹಳೆಯ ಪತ್ರಗಳೆಲ್ಲ ಕೆಳಗಿಳಿಯುತ್ತವಲ್ಲ, ಹಾಗೆ.

ಕಲ್ಲು ಈಗ ಬ್ರಿಜ್ ಸ್ಟ್ರೀಟ್ ಎಂಬ ರಸ್ತೆಯ ನಡುವಿನ ವಿಭಜಕದಲ್ಲಿದೆ. ಎರಡೂ ಕಡೆ ಲಾರಿ ಕಾರುಗಳು. ಪ್ರತಿ ವರ್ಷ ಮೇ ತಿಂಗಳ ಕೊನೆಯ ಭಾನುವಾರ ಸೇಂಟ್ ಗೇಬ್ರಿಯಲ್ ಚರ್ಚಿನಲ್ಲಿ ಪೂಜೆ ಮುಗಿಸಿ ಜನ ಅಲ್ಲಿಯವರೆಗೆ ನಡೆದು ಹೋಗುತ್ತಾರೆ. ಅಕ್ಕಪಕ್ಕದ ಜಾಗವನ್ನು ಸ್ಮಾರಕ ಉದ್ಯಾನ ಮಾಡಬೇಕೆಂಬುದು ಅವರ ಬಹುದಿನಗಳ ಒತ್ತಾಯ. 2017ರಲ್ಲಿ ಆ ಜಾಗವನ್ನು ವಿದ್ಯುತ್ ಸಂಸ್ಥೆ ಹೈಡ್ರೋ-ಕ್ವಿಬೆಕ್ ಉಪಕೇಂದ್ರಕ್ಕಾಗಿ ಕೊಂಡಾಗ ಉದ್ಯಾನದ ಮಾತು ಕೈತಪ್ಪಿತೆಂದು ಗಲಾಟೆಯೆದ್ದಿತು. ಕೊನೆಗೆ ಸಂಸ್ಥೆಯೇ ಸ್ಮಾರಕಕ್ಕೂ ಸಹಕರಿಸುವುದಾಗಿ ಒಪ್ಪಿಕೊಳ್ಳಬೇಕಾಯಿತು.

ಗ್ರೋಸ್ ಈಲ್‌ಗೆ ಮರಳೋಣ. ದ್ವೀಪದ ಎತ್ತರದ ಗುಡ್ಡದ ಮೇಲೆ 1909ರ ಆಗಸ್ಟ್ 15ರಂದು ಸುಮಾರು 45 ಅಡಿಯ ಕೆಲ್ಟಿಕ್ ಶಿಲುಬೆಯೊಂದನ್ನು ಅನಾವರಣ ಮಾಡಿದರು. ಮಾಡಿಸಿದ್ದು 'ಏನ್ಷಿಯಂಟ್ ಆರ್ಡರ್ ಆಫ್ ಹೈಬರ್ನಿಯನ್ಸ್' ಎಂಬ ಐರಿಷ್ ಕ್ಯಾಥೊಲಿಕ್ ಸಂಘ. ನಕ್ಷೆ ಬರೆದವರು ಅದರ ಕ್ವಿಬೆಕ್ ಶಾಖೆಯ ಜೆರೆಮಯ್ಯ ಗ್ಯಾಲಗರ್ ಎಂಬ ಎಂಜಿನಿಯರ್. (ಟೈಫಸ್ ಹೇನಿನಿಂದ ಹರಡುತ್ತದೆಂದು ಟ್ಯೂನಿಸ್‌ನಲ್ಲಿ ಷಾರ್ಲ್ ನಿಕೋಲ್ ಕಂಡುಹಿಡಿದದ್ದೂ ಅದೇ ವರ್ಷ. ಶಿಲುಬೆ ನಿಲ್ಲಿಸಿದವರಿಗೆ ಆ ಸುದ್ದಿ ತಲುಪಿತ್ತೋ ಇಲ್ಲವೋ.) ಶಿಲುಬೆಯ ಬುಡದಲ್ಲಿ ಇಂಗ್ಲಿಷ್, ಫ್ರೆಂಚ್, ಐರಿಷ್ ಮೂರು ಭಾಷೆಯಲ್ಲಿ ಬರಹವಿದೆ. ಮೂರೂ ಒಂದೇ ಮಾತು ಹೇಳುವುದಿಲ್ಲ. ಇಂಗ್ಲಿಷಿನಲ್ಲಿ, ತಮ್ಮ ಧರ್ಮ ಉಳಿಸಿಕೊಳ್ಳಲು ಹಸಿವನ್ನೂ ಪರದೇಶವನ್ನೂ ಅನುಭವಿಸಿ ಜ್ವರದಿಂದ ಸತ್ತವರ ಪವಿತ್ರ ಸ್ಮರಣೆ ಎಂಬಂತಹ ಮೆತ್ತನೆಯ ಮಾತು. ಐರಿಷಿನಲ್ಲಿ, ಪರಕೀಯ ದೊರೆಗಳ ಕಾನೂನಿಗೂ ಅವರೇ ತಂದ ಕೃತಕ ಬರಕ್ಕೂ ಸಿಕ್ಕಿ ಓಡಿ ಬಂದ ಗೇಲರ, ಅಂದರೆ ಐರಿಷರ, ಮಕ್ಕಳು ಎಂಬ ನೇರ ಆಪಾದನೆ. ಬ್ರಿಟಿಷ್ ಸಾಮ್ರಾಜ್ಯದ ನೆಲದಲ್ಲಿ, ಆಳುವವರ ಎದುರಿಗೇ, ಅವರಿಗೆ ಓದಲು ಬಾರದ ಅಕ್ಷರದಲ್ಲಿ ಹೀಗೆ ಕೆತ್ತಿಸಿದ ಜಾಣತನ ನನಗೆ ಇಷ್ಟ. ಸಂಕಟದ ಸಂಗತಿಯೆಂದರೆ ಮುಂದಿನ ತಲೆಮಾರಿನ ಅವರ ಮಕ್ಕಳಿಗೂ ಅದು ಓದಲು ಬರಲಿಲ್ಲ.

1937ರಲ್ಲಿ ತಡೆವಾಸ ಮುಚ್ಚಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಆ ದ್ವೀಪದಲ್ಲಿ ಗುಟ್ಟಾಗಿ ಆಂಥ್ರಾಕ್ಸ್ ರೋಗಾಣುವಿನ ಪ್ರಯೋಗ ನಡೆಸಿದರು, ಆಮೇಲೆ ದನಕರುಗಳ ತಡೆವಾಸವೂ ಆಯಿತು. ಜನ ಅತ್ತ ಸುಳಿಯುವಂತಿರಲಿಲ್ಲ. ಮರೆವಿನ ಅಂಚಿಗೆ ಹೋದ ದ್ವೀಪವನ್ನು ಮತ್ತೆ ಎತ್ತಿ ತಂದವರಲ್ಲಿ ಮುಖ್ಯರು ಮರಿಯಾನಾ ಓ'ಗ್ಯಾಲಗರ್. ಆ ಶಿಲುಬೆಯ ನಕ್ಷೆ ಬರೆದ ಜೆರೆಮಯ್ಯನ ಮೊಮ್ಮಗಳು. 1929ರಲ್ಲಿ ಕ್ವಿಬೆಕ್‌ನಲ್ಲಿ ಹುಟ್ಟಿದವರು, ಸನ್ಯಾಸಿನಿಯಾಗಿದ್ದವರು, ಶಾಲೆಯಲ್ಲಿ ಪಾಠ ಹೇಳಿದವರು. 1973ರಲ್ಲಿ 'ಐರಿಷ್ ಹೆರಿಟೇಜ್ ಕ್ವಿಬೆಕ್' ಎಂಬ ಸಂಸ್ಥೆ ಕಟ್ಟಿದರು. 1984ರಲ್ಲಿ ಗ್ರೋಸ್ ಈಲ್ ಇತಿಹಾಸ ಬರೆದರು. 1995ರಲ್ಲಿ ರೋಸ್ ಮ್ಯಾಸನ್ ಡೊಂಪಿಯೆರ್ ಅವರ ಜೊತೆ ಸೇರಿ 1847ರ ಪತ್ರ, ವರದಿ, ಪಟ್ಟಿಗಳನ್ನು ಪುಸ್ತಕವಾಗಿ ತಂದರು. ಸತ್ತವರ ಸಾಮಾನಿನ ಪಟ್ಟಿ, ಆರುನೂರಕ್ಕೂ ಹೆಚ್ಚು ಅನಾಥ ಮಕ್ಕಳ ಪಟ್ಟಿ ಜನಸಾಮಾನ್ಯರ ಕೈಗೆ ಸಿಕ್ಕಿದ್ದು ಇವರ ದುಡಿಮೆಯಿಂದ. ಅಜ್ಜ ಕಲ್ಲು ನಿಲ್ಲಿಸಿದ, ಮೊಮ್ಮಗಳು ಹೆಸರು ಹುಡುಕಿದಳು. ಯಾವ ಕೆಲಸ ದೊಡ್ಡದೆಂದು ಕೇಳಿದರೆ ನಾನು ಮೊಮ್ಮಗಳ ಕಡೆ.

ಯಾಕೆ ಗೊತ್ತೆ? ಕಡತ ನೋಡದ ನೆನಪು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೂ ಇಲ್ಲೇ ಒಂದು ಉದಾಹರಣೆಯಿದೆ. 1991ರಲ್ಲಿ ಐರ್ಲೆಂಡಿನಲ್ಲಿ ಒಂದು ಪುಸ್ತಕ ಬಿಸಿಬಿಸಿಯಾಗಿ ಮಾರಾಟವಾಯಿತು. ಜೆರಾಲ್ಡ್ ಕೀಗನ್ ಎಂಬ ಶಾಲಾ ಮೇಷ್ಟ್ರು 1847ರಲ್ಲಿ ಹಡಗಿನಲ್ಲಿ ಕೂತು ಬರೆದು, ಗ್ರೋಸ್ ಈಲ್‌ನಲ್ಲಿ ಸಾಯುವವರೆಗೂ ಮುಂದುವರಿಸಿದ ದಿನಚರಿ ಎಂದು ಅದರ ಹೇಳಿಕೆ. ಓದಿ ಅತ್ತವರೆಷ್ಟೋ. ಆಮೇಲೆ ಬಯಲಾದದ್ದು: ಅಂಥ ದಿನಚರಿ ಇರಲೇ ಇಲ್ಲ. ಕ್ವಿಬೆಕ್ ಪ್ರಾಂತದ ಹಂಟಿಂಗ್ಡನ್ ಊರಿನ ಪತ್ರಕರ್ತ ರಾಬರ್ಟ್ ಸೆಲ್ಲರ್ 1895ರಲ್ಲಿ ಪ್ರಕಟಿಸಿದ ಕಥೆ ಅದರ ಮೂಲ. ಆತ ಹುಟ್ಟಿನಿಂದ ಐರಿಷನೂ ಅಲ್ಲ, ಸ್ಕಾಟ್ಲೆಂಡಿನವನು. ಅವನು ಕಥೆಯೆಂದೇ ಬರೆದ. ನೂರು ವರ್ಷದಲ್ಲಿ ಕೈಯಿಂದ ಕೈಗೆ ದಾಟುತ್ತ ಅದು ಸಾಕ್ಷ್ಯವಾಗಿಬಿಟ್ಟಿತು. ನಿಜವಾದ ಸಾಕ್ಷ್ಯಗಳು ಅಷ್ಟೇ ಭೀಕರವಾಗಿರುವಾಗ ಸುಳ್ಳಿನ ಗೊಡವೆ ಯಾಕೆ ಬೇಕಿತ್ತು? ಸತ್ತವರ ಮಾತನ್ನೇ ಅನುಮಾನಿಸುವವರ ಕೈಗೆ ಅದು ಕೋಲು ಕೊಟ್ಟಂತಾಯಿತು.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೆನಡಾ ಸರ್ಕಾರದ ಕಡೆಯಿಂದ ಇನ್ನೊಂದು ತರದ ಎಡವಟ್ಟು. ಗ್ರೋಸ್ ಈಲ್ ಆಗಲೇ ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಣೆಯಾಗಿತ್ತು. 1992ರಲ್ಲಿ 'ಪಾರ್ಕ್ಸ್ ಕೆನಡಾ' ಇಲಾಖೆ ಅದರ ಅಭಿವೃದ್ಧಿಗೆ ಒಂದು ಯೋಜನೆ ಮುಂದಿಟ್ಟಿತು. ಅದರ ಮೂಲಸೂತ್ರ, ಕೆನಡಾ ಭರವಸೆಯ ನಾಡು ಎಂಬುದು. ಎಲ್ಲ ದೇಶದ ವಲಸಿಗರೂ ಇಲ್ಲಿ ಕಾಲಿಟ್ಟರು, ಬಾಳು ಕಟ್ಟಿಕೊಂಡರು, ಬರೀ 1847ರ ಸಾವನ್ನೇ ಯಾಕೆ ಹಿಡಿದು ಕೂರುವುದು ಎಂಬ ಧಾಟಿ. ಐರಿಷರು ರೊಚ್ಚಿಗೆದ್ದರು. ಕ್ವಿಬೆಕ್, ಮಾಂಟ್ರಿಯಲ್ ಆಚೆಗೂ ಸಾರ್ವಜನಿಕ ಅಹವಾಲು ಸಭೆಗಳು ನಡೆದವು. 'ಆಕ್ಷನ್ ಗ್ರೋಸ್ ಈಲ್' ಎಂಬ ಗುಂಪು ಹುಟ್ಟಿತು. ಇದು ಜನಾಂಗಹತ್ಯೆಯ ಮಸಣ, ಉದ್ಯಾನವಲ್ಲ ಎಂದವರೂ ಇದ್ದರು. 1994ರಲ್ಲಿ ಐರ್ಲೆಂಡಿನ ಅಧ್ಯಕ್ಷೆ ಮೇರಿ ರಾಬಿನ್ಸನ್ ಸ್ವತಃ ದ್ವೀಪಕ್ಕೆ ಬಂದು ಹೋದರು. 1996ರಲ್ಲಿ ಸಚಿವೆ ಶೀಲಾ ಕಾಪ್ಸ್, ತಾಣದ ಹೆಸರಿನಲ್ಲೇ 'ಐರಿಷ್ ಸ್ಮಾರಕ' ಎಂದು ಸೇರುವುದಾಗಿ ಪ್ರಕಟಿಸಿದರು.

ಇಲಾಖೆಯ ವಾದದಲ್ಲಿ ಒಂದು ಎಳೆ ಸತ್ಯ ಇತ್ತೆಂಬುದನ್ನೂ ಹೇಳಬೇಕು. ಆ ದ್ವೀಪ ನೂರೈದು ವರ್ಷ ನಾನಾ ದೇಶದವರ ಹೆಬ್ಬಾಗಿಲಾಗಿತ್ತು, ನಿಜ. ಐರಿಷರಿಗಾಗಿ ಪ್ರಾಣಬಿಟ್ಟ ಫ್ರೆಂಚ್ ಕೆನಡಿಯನ್ ಪಾದ್ರಿ, ದಾದಿಯರ ನೆನಪು ಆ ಗಲಾಟೆಯಲ್ಲಿ ಹಿಂದೆ ಸರಿಯಿತು ಎಂಬುದೂ ನಿಜ. ಆದರೆ ಐದು ಸಾವಿರ ಹೆಣಗಳ ಮೇಲೆ ನಿಂತು ಭರವಸೆಯ ಫಲಕ ನೆಡುವುದು ಕಚೇರಿಯಲ್ಲಿ ಕೂತವರಿಗೆ ಮಾತ್ರ ಹೊಳೆಯುವ ಉಪಾಯ. 1998ರಲ್ಲಿ ಹೊಸ ಸ್ಮಾರಕ ಉದ್ಘಾಟನೆಯಾಯಿತು. ಗಾಜಿನ ಹಲಗೆಗಳ ಮೇಲೆ ಸಾವಿರಾರು ಹೆಸರು, ಹೆಸರು ಸಿಗದವರಿಗೂ ಅದೇ ಗಾಜಿನಲ್ಲಿ ಜಾಗ. ಹೆಸರುಗಳು ಬಂದದ್ದು ಎಲ್ಲಿಂದ? ಆ ಗುಮಾಸ್ತರ ಕಡತದಿಂದ.

ಟೊರಾಂಟೊದಲ್ಲೂ ಹೀಗೇ. 1847ರಲ್ಲಿ ಆ ಊರಿನ ಜನಸಂಖ್ಯೆ ಇಪ್ಪತ್ತು ಸಾವಿರದಷ್ಟು, ಬಂದಿಳಿದವರು 38,000ಕ್ಕೂ ಹೆಚ್ಚು. ಸತ್ತವರು 1,100ಕ್ಕೂ ಮಿಗಿಲು. 2007ರಲ್ಲಿ ಸರೋವರದ ದಂಡೆಯಲ್ಲಿ ಐರ್ಲೆಂಡ್ ಪಾರ್ಕ್ ತೆರೆದಾಗ ಕಿಲ್‌ಕೆನ್ನಿಯ ಸುಣ್ಣಕಲ್ಲಿನಲ್ಲಿ ಕೆತ್ತಲು ಸಿಕ್ಕ ಹೆಸರು 675. ಅಲ್ಲಿನ ಕಂಚಿನ ಮೂರ್ತಿಗಳನ್ನು ಮಾಡಿದ ರೋವನ್ ಗಿಲೆಸ್ಪಿಯೇ ಡಬ್ಲಿನ್ ಬಂದರಿನಲ್ಲಿರುವ ಮೂರ್ತಿಗಳನ್ನೂ ಮಾಡಿದ್ದು. ಅಲ್ಲಿ ಹೊರಟವರು, ಇಲ್ಲಿ ಬಂದಿಳಿದವರು.

ಅನಾಥ ಮಕ್ಕಳ ಮಾತಿಗೆ ಬರುತ್ತೇನೆ. 1990ರ ದಶಕದಲ್ಲಿ ಕೆನಡಾದ ಟೆಲಿವಿಷನ್‌ನಲ್ಲಿ ಒಂದು ನಿಮಿಷದ ಚಿತ್ರ ಬರುತ್ತಿತ್ತು. ಫ್ರೆಂಚ್ ಕುಟುಂಬಗಳು ಐರಿಷ್ ಮಕ್ಕಳನ್ನು ಮನೆಗೆ ಕರೆದುಕೊಳ್ಳುತ್ತವೆ, ಮಕ್ಕಳು ತಮ್ಮ ಹೆಸರು ಬಿಡುವುದಿಲ್ಲ ಎನ್ನುತ್ತಾರೆ, ಪಾದ್ರಿ ಒಪ್ಪುತ್ತಾನೆ. ದೇಶಕ್ಕೆ ದೇಶವೇ ಮೆಚ್ಚಿದ ಕಥೆ. ಟೊರಾಂಟೊದ ಇತಿಹಾಸಕಾರ ಮಾರ್ಕ್ ಮೆಕ್‌ಗೋವನ್ ದಾಖಲೆ ತೆರೆದು ನೋಡಿ, ಎಲ್ಲ ಮಕ್ಕಳ ಪಾಲಿಗೂ ಅಂಥ ಮನೆ ಸಿಗಲಿಲ್ಲ, ಹೊಲದ ಕೆಲಸಕ್ಕೆ ಆಳು ಬೇಕೆಂದೇ ಕರೆದುಕೊಂಡವರೂ ಇದ್ದರು ಎಂದು ತೋರಿಸಿದರು. ಕೆಲವರಿಗೆ ಇದು ರುಚಿಸಲಿಲ್ಲ. ನನಗನಿಸುವುದು, ಆ ಮಕ್ಕಳು ಪಟ್ಟ ಪಾಡನ್ನು ಒಪ್ಪಿಕೊಂಡರೆ ಒಳ್ಳೆಯ ಮನೆಗಳ ಒಳ್ಳೆಯತನ ಇನ್ನೂ ಎದ್ದು ಕಾಣುತ್ತದೆ.

ಒಳ್ಳೆಯ ಮನೆಯೊಂದರ ಕಥೆ ಕೇಳಿ. ಐರ್ಲೆಂಡಿನ ರಾಸ್‌ಕಾಮನ್ ಜಿಲ್ಲೆಯ ಸ್ಟ್ರೋಕ್ಸ್‌ಟೌನ್. ಅಲ್ಲಿನ ಜಮೀನುದಾರ ಮೇಜರ್ ಡೆನಿಸ್ ಮಹೋನ್ 1847ರಲ್ಲಿ ತನ್ನ 1,490 ಒಕ್ಕಲು ಜನರನ್ನು ಕೆನಡಾಕ್ಕೆ ಸಾಗಹಾಕಿದ. ಅಲ್ಲೇ ಇಟ್ಟು ಸಾಕುವುದಕ್ಕಿಂತ ಹಡಗಿನ ಟಿಕೆಟ್ ಅಗ್ಗವೆಂಬ ಲೆಕ್ಕ. ಅವರು ಡಬ್ಲಿನ್‌ವರೆಗೆ ನಡೆದರು, ಲಿವರ್‌ಪೂಲ್‌ನಲ್ಲಿ ಹಡಗು ಹತ್ತಿದರು. ಅವರಲ್ಲಿ ಕೆಲವರಿದ್ದ 'ವರ್ಜಿನಿಯಸ್' ಹಡಗಿನಲ್ಲಿ 476 ಜನರ ಪೈಕಿ 158 ಮಂದಿ ದಾರಿಯಲ್ಲೇ ಸತ್ತರು. ಆ ವರ್ಷದ ನವೆಂಬರಿನಲ್ಲಿ ಮಹೋನ್‌ನನ್ನು ಯಾರೋ ಗುಂಡಿಟ್ಟು ಕೊಂದರು. ಅದೇ ಊರಿನ ಡೇನಿಯಲ್ ಟೈ ಮತ್ತು ಅವನ ತಂಗಿ ಕ್ಯಾಥರಿನ್, 'ನಯೋಮಿ' ಎಂಬ ಹಡಗಿನಲ್ಲಿ ಹೊರಟ ಮನೆಮಂದಿಯಲ್ಲಿ ಬದುಕುಳಿದ ಇಬ್ಬರೇ ಮಕ್ಕಳು. ಲೋಬಿನಿಯೇರ್ ಎಂಬ ಹಳ್ಳಿಯ ಕೂಲೋಂಬ್ ದಂಪತಿಗೆ ಮಕ್ಕಳಿರಲಿಲ್ಲ. ಇಬ್ಬರನ್ನೂ ಬೇರೆ ಮಾಡದೆ ಸಾಕಿದರು, ಜಮೀನನ್ನೂ ಬಿಟ್ಟುಕೊಟ್ಟರು. 2013ರಲ್ಲಿ ಡೇನಿಯಲ್‌ನ ವಂಶದವರು ಸ್ಟ್ರೋಕ್ಸ್‌ಟೌನಿಗೆ ಬಂದರು. ಮಾತು ಫ್ರೆಂಚ್, ಮನೆತನದ ಹೆಸರು ಐರಿಷ್.

ಸ್ಟ್ರೋಕ್ಸ್‌ಟೌನಿನ ದಾಖಲೆ ಉಳಿದದ್ದೇ ಒಂದು ಸೋಜಿಗ. 1979ರಲ್ಲಿ ಊರಿನ ಗ್ಯಾರೇಜು ವ್ಯಾಪಾರಿ ಜಿಮ್ ಕ್ಯಾಲರಿ ಆ ಜಮೀನುದಾರರ ಬಂಗಲೆಯನ್ನು ಕೊಂಡರು. ಬೇಕಿದ್ದದ್ದು ಲಾರಿ ನಿಲ್ಲಿಸಲು ಜಾಗ. ಒಳಗೆ ಕಾಗದದ ರಾಶಿ. ತಿರುವಿ ನೋಡಿದರೆ ಬರದ ಕಾಲದ ಒಕ್ಕಲಿಗರು ಕೊಟ್ಟ ಅರ್ಜಿ, ಗೇಣಿಯ ಲೆಕ್ಕ, ಸಾಗಹಾಕಿದವರ ಹೆಸರಿನ ಪಟ್ಟಿ. ಬಂಗಲೆ ಕೆಡವುವ ಬದಲು ಅವರು ಉಳಿಸಿದರು. 1994ರಲ್ಲಿ ಅಲ್ಲಿ ರಾಷ್ಟ್ರೀಯ ಬರ ವಸ್ತುಸಂಗ್ರಹಾಲಯ ತೆರೆಯಿತು. ಈಗ ಅಲ್ಲಿಂದ ಡಬ್ಲಿನ್‌ಗೆ 165 ಕಿಲೋಮೀಟರ್ ಉದ್ದದ ಕಾಲುದಾರಿಯಿದೆ, ಆ ಒಕ್ಕಲು ನಡೆದ ದಾರಿ. ಉದ್ದಕ್ಕೂ ಅಲ್ಲಲ್ಲಿ ಕಂಚಿನ ಪುಟ್ಟ ಪುಟ್ಟ ಮಕ್ಕಳ ಬೂಟುಗಳನ್ನು ಇಟ್ಟಿದ್ದಾರೆ.

ಒಂದು ದಂಡೆಯಲ್ಲಿ ಜಮೀನುದಾರನ ಪಟ್ಟಿ, ಇನ್ನೊಂದು ದಂಡೆಯಲ್ಲಿ ಪಾದ್ರಿ, ಸನ್ಯಾಸಿನಿಯರ ಪಟ್ಟಿ. ಎರಡನ್ನೂ ಪಕ್ಕಪಕ್ಕ ಇಟ್ಟು, ಆ 1,490 ಮಂದಿಯಲ್ಲಿ ಯಾರು ಎಲ್ಲಿ ಸೇರಿದರೆಂದು ಹುಡುಕುವ ಕೆಲಸ ಈಗ ನಡೆಯುತ್ತಿದೆ. ನಿಧಾನದ ಕೆಲಸ. ಐರಿಷ್ ಹೆಸರನ್ನು ಕಿವಿಗೆ ಬಿದ್ದಂತೆ ಫ್ರೆಂಚ್ ಕಾಗುಣಿತದಲ್ಲಿ ಬರೆದದ್ದರಿಂದ ಒಬ್ಬನೇ ಮನುಷ್ಯ ಮೂರು ಕಡೆ ಮೂರು ಹೆಸರಿನಲ್ಲಿ ಸಿಗುತ್ತಾನೆ, ಹೆಣ್ಣುಮಕ್ಕಳು ಮದುವೆಯಾದ ಮೇಲೆ ಪಟ್ಟಿಯಿಂದಲೇ ತಪ್ಪಿಸಿಕೊಳ್ಳುತ್ತಾರೆ. ಸಂಶೋಧಕರು ಕ್ವಿಬೆಕ್‌ನ ಹಳ್ಳಿ ಚರ್ಚುಗಳ ಮದುವೆ, ಮರಣದ ಪುಸ್ತಕಗಳನ್ನು ಒಂದೊಂದಾಗಿ ತೆರೆಯುತ್ತಿದ್ದಾರೆ.